ರೇಡಿಯೋ ಕಂಪನಿಯಾಗಿದ್ದ ಮೊಟೊರೊಲಾ ಹೇಗೆ ಉಳಿಯಿತು?

ಅಷ್ಟೊಂದು ರೇಡಿಯೋ ಕಂಪನಿಗಳು ಮುಳುಗಿದರೂ ಮೊಟೊರೊಲಾ ಹೇಗೆ ಉಳಿಯಿತು ಅಂತ ಕೇಳಿದ್ದೀರಿ. ಹಳೇ ವಾಲ್ವ್ (ಬಲ್ಬಿನಂಥ ಗಾಜಿನ ಕೊಳವೆ) ರೇಡಿಯೋ ಬಿಚ್ಚಿ ನೋಡುವುದು ನನಗೆ ತುಂಬಾ ಇಷ್ಟ, ಹಾಗಾಗಿ ಈ ಕಥೆ ಕಂಡರೆ ವಿಶೇಷ ಪ್ರೀತಿ.

ಶುರುವಿನಲ್ಲಿ ಅವರು ಮಾಡುತ್ತಿದ್ದದ್ದು ರೇಡಿಯೋ ಕೂಡ ಅಲ್ಲ. 1928ರಲ್ಲಿ ಪಾಲ್ ಗಾಲ್ವಿನ್ ಮತ್ತು ಸೋದರ ಜೋಸೆಫ್ ಶಿಕಾಗೋದಲ್ಲಿ ಬ್ಯಾಟರಿ ಎಲಿಮಿನೇಟರ್ ಮಾಡಲು ಕೂತರು. ಬ್ಯಾಟರಿ ರೇಡಿಯೋವನ್ನು ಮನೆ ಕರೆಂಟಿನಲ್ಲಿ ಓಡಿಸುವ ಪೆಟ್ಟಿಗೆ ಅದು. ಆದರೆ ನೇರವಾಗಿ ಕರೆಂಟಿಗೇ ಹಾಕುವ ರೇಡಿಯೋ ಆಗಲೇ ಅಂಗಡಿಗೆ ಬಂದಿತ್ತು. ಬೇರೆಯವರ ಹೆಸರಿನಲ್ಲಿ ರೇಡಿಯೋ ಮಾಡಿಕೊಟ್ಟು ಸ್ವಲ್ಪ ದಿನ ತಳ್ಳಿದರು, ಅಷ್ಟರಲ್ಲಿ 1929ರ ಷೇರುಪೇಟೆ ಕುಸಿತ ಬಂತು.

ಆಗ ಕೈ ಹಿಡಿದದ್ದು ಕಾರ್ ರೇಡಿಯೋ. ಮಾಡುವುದು ಸುಲಭ ಅನಿಸುತ್ತದೆ, ಅಲ್ವಾ? ಆದರೆ ಹಾಗಲ್ಲ. ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಕಿಡಿ ಹಾರಿದಾಗಲೆಲ್ಲ ರೇಡಿಯೋದಲ್ಲಿ ಟರ್ರ್ ಅನ್ನುತ್ತದೆ. ಹಳೇ ಸ್ಕೂಟರ್ ಪಕ್ಕ ಎಎಂ ರೇಡಿಯೋ ಇಟ್ಟು ನೋಡಿ, ಗೊತ್ತಾಗುತ್ತದೆ. ಆ ಸದ್ದು ಅಡಗಿಸಬೇಕು, ಗುಂಡಿ ರಸ್ತೆಯ ಕುಲುಕಾಟಕ್ಕೆ ವಾಲ್ವ್ ಸಡಿಲವಾಗಬಾರದು, ಏರಿಯಲ್ ತಂತಿಯನ್ನು ಕಾರಿನ ಚಾವಣಿಯೊಳಗೆ ಅಡಗಿಸಬೇಕು. ಇಷ್ಟೆಲ್ಲ ಮಾಡಿ ಗಾಲ್ವಿನ್ 1930ರಲ್ಲಿ ತನ್ನ ಸ್ಟುಡಿಬೇಕರ್ ಕಾರಿನಲ್ಲೇ ಅಟ್ಲಾಂಟಿಕ್ ಸಿಟಿಯ ರೇಡಿಯೋ ತಯಾರಕರ ಸಮಾವೇಶಕ್ಕೆ ಹೋದರು. ಒಳಗೆ ಮಳಿಗೆ ಇರಲಿಲ್ಲ. ಹೊರಗೆ ಕಾರು ನಿಲ್ಲಿಸಿ ರೇಡಿಯೋ ಜೋರಾಗಿ ಹಾಕಿದರು, ಆರ್ಡರ್ ಸಿಕ್ಕಿತು. ಮೊಟೊರೊಲಾ ಅನ್ನುವ ಹೆಸರು ಬಂದದ್ದೂ ಈ ಕಾರ್ ರೇಡಿಯೋಗೇ. ಕಂಪನಿಗೇ ಆ ಹೆಸರಿಟ್ಟದ್ದು 1947ರಲ್ಲಿ.

ನನ್ನ ಪ್ರಕಾರ ಗುಟ್ಟು ಇರುವುದು ಇಲ್ಲೇ. ಉಳಿಯಬೇಕು ಅಂತ ಅವರು ಸಿಕ್ಕಿದ್ದಕ್ಕೆಲ್ಲ ಕೈ ಹಾಕಲಿಲ್ಲ. ಓಡಾಡುವ ಜನರಿಗೆ ರೇಡಿಯೋ ಕೊಡುವ ವಿದ್ಯೆ ಒಮ್ಮೆ ಕೈಗೆ ಹತ್ತಿತು, ಅದನ್ನೇ ಬೇರೆ ಬೇರೆ ಗಿರಾಕಿಗಳ ಹತ್ತಿರ ಒಯ್ದರು. 1930ರ ದಶಕದಲ್ಲೇ ಪೊಲೀಸ್ ಕಾರಿಗೆ ರೇಡಿಯೋ, ಎರಡನೇ ಮಹಾಯುದ್ಧದಲ್ಲಿ ಸೈನಿಕರ ಕೈಗೆ ಹ್ಯಾಂಡಿ ಟಾಕಿ ಅನ್ನುವ ಕೈರೇಡಿಯೋ, 1973ರಲ್ಲಿ ನ್ಯೂಯಾರ್ಕ್ ಬೀದಿಯಲ್ಲಿ ನಿಂತು ಅವರ ಎಂಜಿನಿಯರ್ ಮಾರ್ಟಿನ್ ಕೂಪರ್ ಮಾಡಿದ ಮೊಬೈಲ್ ಕರೆ. ಟಿವಿ, ಟ್ರಾನ್ಸಿಸ್ಟರ್, ಚಿಪ್ಪುಗಳನ್ನೂ ಮಾಡಿದರು, ಚೆನ್ನಾಗೇ ಮಾಡಿದರು. ಆದರೆ ಟಿವಿ ವ್ಯಾಪಾರವನ್ನು 1974ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಮತ್ಸುಶಿತಾಗೆ ಮಾರಿಬಿಟ್ಟರು.

ಇನ್ನೊಂದು ಮಾತು. 2011ರಲ್ಲಿ ಕಂಪನಿ ಎರಡು ಹೋಳಾಯಿತು. ಈಗ ನಮ್ಮಲ್ಲಿ ಸಿಗುವ ಮೊಟೊರೊಲಾ ಫೋನ್ ಲೆನೊವೋದ್ದು. ಇನ್ನೊಂದು ಹೋಳಾದ ಮೊಟೊರೊಲಾ ಸೊಲ್ಯೂಷನ್ಸ್ ಇವತ್ತಿಗೂ ಪೊಲೀಸರಿಗೆ, ಅಗ್ನಿಶಾಮಕದವರಿಗೆ ರೇಡಿಯೋ ಮಾಡುತ್ತಿದೆ.