ಮನೆಯಲ್ಲೂ ಬೀಗ ಎಳೆದು ನೋಡುವವರು

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಓದುಗರಿಗೆ ಗೊತ್ತಾಗಲೆಂದು ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ನಿಮ್ಮ ಯಜಮಾನರು ಜೈಲಿನಲ್ಲಿ ವಾರ್ಡರ್. ಮನೆಗೆ ಬಂದರೆ ಮಾತು ಕಡಿಮೆ, ಆಡಿದರೆ ಹುಕುಂ. ಮಲಗುವ ಮುಂಚೆ ಬಾಗಿಲ ಬೀಗವನ್ನು ಮೂರು ಸಲ ಎಳೆದು ನೋಡುತ್ತಾರೆ. ಮಗಳು ಅರ್ಧ ಗಂಟೆ ತಡವಾಗಿ ಬಂದರೆ ವಿಚಾರಣೆ. "ಸಂಬಳ ಬರುತ್ತಿದೆ, ಆದರೂ ಬದುಕಿನಲ್ಲಿ ಖುಷಿಯೇ ಇಲ್ಲ ಅಂತಾರೆ. ಕೈದಿಗಳ ಸಹವಾಸವೇ ಹೀಗೆ ಮಾಡಿತಾ?" ಎಂದು ಕೇಳಿದ್ದೀರಿ.

ಕೈದಿಗಳ ಪಾಲು ಇದ್ದೇ ಇದೆ. ಯಾವ ಗಳಿಗೆಯಲ್ಲಿ ಏನಾಗುತ್ತದೋ ಎಂದು ಡ್ಯೂಟಿ ಪೂರ್ತಿ ಕಿವಿ ನೆಟ್ಟಗೆ ಮಾಡಿಕೊಂಡಿರುವ ಕೆಲಸ ಅದು. ಆದರೆ ಜೈಲು ಸಿಬ್ಬಂದಿಯ ಬಗ್ಗೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ಬೊಟ್ಟು ಮಾಡುವುದು ಆಫೀಸಿನ ಕಡೆಗೆ. ಒಬ್ಬ ಅಧಿಕಾರಿ 'ಬಿಗಿಯಾಗಿರಿ' ಅನ್ನುತ್ತಾರೆ, ಇನ್ನೊಬ್ಬರು 'ಅವರನ್ನು ತಿದ್ದಿ' ಅನ್ನುತ್ತಾರೆ. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ಯಾರೂ ಹೇಳುವುದಿಲ್ಲ. ಡ್ಯೂಟಿ ಪಟ್ಟಿ ಹಾಕುವಾಗ ಕೇಳುವುದಿಲ್ಲ. ಬಡ್ತಿ ಯಾಕೆ ತಪ್ಪಿತೋ ತಿಳಿಯುವುದಿಲ್ಲ. ಜನ ಸಾಲದೆ ರಜೆ ಕೊನೇ ಗಳಿಗೆಯಲ್ಲಿ ರದ್ದು. ಇದು ಮನೆಯವರೆಗೂ ಹಿಂಬಾಲಿಸಿ ಬರುತ್ತದೆ. ಮೇಲಿನವರು ನ್ಯಾಯವಾಗಿದ್ದಾರೆ, ನನ್ನ ಮಾತಿಗೂ ಬೆಲೆಯಿದೆ ಅನ್ನಿಸುವ ಕಡೆ, ಗೋಡೆ ಅಷ್ಟೇ ಎತ್ತರವಿದ್ದರೂ ಮನಸ್ಸು ಅಷ್ಟು ಕುಗ್ಗುವುದಿಲ್ಲ.

ಇನ್ನು ಬೀಗದ ವಿಷಯ. ಪತ್ರದಲ್ಲಿ ನನಗೆ ತುಂಬಾ ನಾಟಿದ್ದು ಅದೇ. ಕೆಲಸಕ್ಕೂ ಸಂಸಾರಕ್ಕೂ ಆಗುವ ತಿಕ್ಕಾಟದಲ್ಲಿ ಮೂರು ಬಗೆಯಿದೆ ಎಂದು 1985ರಲ್ಲಿ ಗ್ರೀನ್‌ಹೌಸ್ ಮತ್ತು ಬ್ಯೂಟೆಲ್ ಎಂಬ ಸಂಶೋಧಕರು ಬರೆದರು. ಹೊತ್ತು ಸಾಲದಿರುವುದು ಒಂದು, ಒತ್ತಡ ಹೊತ್ತು ತರುವುದು ಇನ್ನೊಂದು. ಮೂರನೆಯದು ನಡವಳಿಕೆಯದು. ಜೈಲಿನಲ್ಲಿ ಮೂರು ಸಲ ಬೀಗ ಎಳೆದು ನೋಡುವವರು ಒಳ್ಳೆಯ ನೌಕರರು. ಯಾರ ಮಾತನ್ನೂ ಸುಲಭಕ್ಕೆ ನಂಬದವರು, ಮುಖದಲ್ಲಿ ಏನೂ ತೋರಿಸದವರು ಇನ್ನೂ ಒಳ್ಳೆಯವರು. ಅದನ್ನೆಲ್ಲ ಯೂನಿಫಾರ್ಮ್ ಜೊತೆ ಗೂಟಕ್ಕೆ ನೇತುಹಾಕಿ ಅಂದರೆ ಸುಮ್ನೆ ಆಗುತ್ತಾ? (ಮನೆಯವರು ಬರೆದಿಟ್ಟ ಚೀಟಿಯಲ್ಲೂ ನಾನು ಮೊದಲು ಕಾಗುಣಿತ ನೋಡುತ್ತೇನೆ, ಬೈಸಿಕೊಳ್ಳುತ್ತೇನೆ.)

ಹಾಗಾಗಿ ತಪ್ಪನ್ನು ನಿಮ್ಮ ಮೇಲೆ ಹಾಕಿಕೊಳ್ಳಬೇಡಿ, ಅವರ ಮೇಲೂ ಹೊರಿಸಬೇಡಿ. ಜೈಲು ಹೇಗೆ ನಡೆಯಬೇಕೆಂದು ಹೇಳುವ, 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳು ಕೈದಿಗಳಿಗೆ ಮಾತ್ರ ಅಂದುಕೊಂಡವರೇ ಜಾಸ್ತಿ. ಅದರ 74ನೇ ನಿಯಮ ಸಿಬ್ಬಂದಿಯ ಬಗ್ಗೆ ಇದೆ: ಕೆಲಸ ಕಷ್ಟದ್ದು, ಸಂಬಳ ಸೌಲಭ್ಯವೂ ಅದಕ್ಕೆ ತಕ್ಕಂತಿರಬೇಕು ಎನ್ನುತ್ತದೆ. ದೊಡ್ಡ ಮದ್ದು ಇಲಾಖೆಯ ಕೈಯಲ್ಲೇ ಇದೆ.

ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಬಂದ ತಕ್ಷಣ ಏನೂ ಕೇಳಬೇಡಿ, ಅರ್ಧ ಗಂಟೆ ಬಿಡಿ. ಆಮೇಲೂ 'ಯಾಕೆ ಹೀಗಿದ್ದೀರಿ' ಬೇಡ, 'ಈ ವಾರದ ಡ್ಯೂಟಿ ಪಟ್ಟಿ ಹೇಗಿದೆ' ಎಂದು ಕೇಳಿ ನೋಡಿ. ನಿದ್ದೆ ಕೆಟ್ಟರೆ, ಕುಡಿತ ಹೆಚ್ಚಿದರೆ, ಸಾಯುವ ಮಾತು ಬಂದರೆ ಮಾತ್ರ ಕಾಯಬೇಡಿ, ಡಾಕ್ಟರ ಬಳಿ ಕರೆದುಕೊಂಡು ಹೋಗಿ.

ಮಗಳಿಗೆ ಹೇಳಿ, ತಡವಾಗುವಂತಿದ್ದರೆ ಮೊದಲೇ ಫೋನ್ ಮಾಡಲಿ. ತಲೆ ಎಣಿಕೆ ಸರಿಹೋಗುವ ತನಕ ಅಪ್ಪನ ಡ್ಯೂಟಿ ಮುಗಿಯುವುದಿಲ್ಲ, ಅಲ್ವಾ?