ಓದುಗರ ಪ್ರಶ್ನೆ: ಗ್ರೀಕ್ ಬಟ್ಟಲಿಗೆ ಆ ಕಪ್ಪು ಎಲ್ಲಿಂದ ಬಂತು?

ಪ್ರಶ್ನೆ: ನಮ್ಮದು ಕುಂಬಾರ ಮನೆತನ. ಮಗಳ ಪುಸ್ತಕದಲ್ಲಿ ಹಳೆಯ ಗ್ರೀಕ್ ಬಟ್ಟಲಿನ ಫೋಟೊ ನೋಡಿದೆ. ಒಳಗೆ ಹಡಗು, ಅದರಲ್ಲಿ ಒರಗಿದ ದೇವರು, ಸುತ್ತ ಮೀನು, ಮೇಲೆ ದ್ರಾಕ್ಷಿ. ಅಷ್ಟು ಹಳೆಯದಾದರೂ ಕಪ್ಪು ಇನ್ನೂ ಹೊಳೆಯುತ್ತೆ. ಅದು ಯಾವ ಬಣ್ಣ? ಕುಡಿಯುವ ಬಟ್ಟಲಿನ ತಳದಲ್ಲಿ ಬರೆದರೆ ಯಾರಿಗೆ ಕಾಣುತ್ತೆ?
– ಓದುಗರೊಬ್ಬರು, ಮಧುಗಿರಿ

ಉತ್ತರ: ನೀವು ನೋಡಿದ್ದು ಎಕ್ಸೆಕಿಯಾಸ್ ಎಂಬ ಗ್ರೀಕ್ ಕುಂಬಾರ ಮಾಡಿದ ಬಟ್ಟಲು. ಕ್ರಿ.ಪೂ. 530ರ ಆಸುಪಾಸಿನದು, ಅಥೆನ್ಸ್ ಕೆಲಸ. ಸಿಕ್ಕಿದ್ದು ಇಟಲಿಯ ವುಲ್ಚಿಯಲ್ಲಿ, ಈಗಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಗಲ ಸುಮಾರು 30 ಸೆಂಟಿಮೀಟರ್. ಪಾದದ ಮೇಲೆ ಎಕ್ಸೆಕಿಯಾಸ್ ಮಾಡಿದ್ದು ಅಂತ ಬರೆದಿದೆ. ಮಡಕೆ ಮಾಡಿದವನ ಹೆಸರು ಇಷ್ಟು ಕಾಲ ಉಳಿದಿದೆಯಲ್ಲ, ಅದು ನನಗೆ ಬಹಳ ಸಂತೋಷ.

ಆ ಕಪ್ಪು ಕೂಡ ಮಣ್ಣೇ. ಕಬ್ಬಿಣದ ಅಂಶವಿರುವ ಜೇಡಿಯನ್ನು ನೀರಿನಲ್ಲಿ ಕದಡಿ, ಒರಟು ಕಣ ಕೆಳಗೆ ಕೂತ ಮೇಲೆ ಮೇಲಿನ ನಯವಾದ ತಿಳಿಯನ್ನು ತೆಗೆಯುತ್ತಿದ್ದರು. ಚಿತ್ರ ಬರೆದದ್ದು ಅದರಲ್ಲೇ. ಒಳಗೆರೆಗಳನ್ನು ಚೂಪು ಮೊನೆಯಿಂದ ಗೀರುತ್ತಿದ್ದರು. ಬರೆಯುವಾಗ ಕಪ್ಪು ಎಲ್ಲೂ ಇರುವುದಿಲ್ಲ, ಅದು ಬರುವುದು ಬೆಂಕಿಯಲ್ಲಿ.

ಬೆಂಕಿಯ ಕೆಲಸ ಮೂರು ಹಂತ. ಮೊದಲು ಗಾಳಿ ಬಿಟ್ಟು ಸುಟ್ಟರೆ ಎಲ್ಲವೂ ಕೆಂಪು. ಆಮೇಲೆ ಹಸಿ ಸೌದೆ ಹಾಕಿ ಗೂಡಿನ ಕಂಡಿ ಮುಚ್ಚುತ್ತಾರೆ. ಒಳಗೆ ಗಾಳಿಯಿಲ್ಲ, ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟುತ್ತೆ, ಇಡೀ ಬಟ್ಟಲು ಕಪ್ಪಾಗುತ್ತೆ. ತಿಳಿ ಬಳಿದ ಜಾಗ ಮಾತ್ರ ಕರಗಿ ಗಾಜಿನಂತೆ ಬಿಗಿಯುತ್ತೆ. ಕೊನೆಗೆ ಕಂಡಿ ತೆರೆದು ಆರಲು ಬಿಟ್ಟಾಗ ಬರಿ ಮಣ್ಣು ಗಾಳಿ ಕುಡಿದು ಮತ್ತೆ ಕೆಂಪಾಗುತ್ತೆ. ಬಿಗಿದ ಜಾಗದೊಳಗೆ ಗಾಳಿ ನುಗ್ಗೋದಿಲ್ಲ, ಕಪ್ಪು ಹಾಗೇ ಉಳಿಯುತ್ತೆ. ಹೊಗೆ ಕಟ್ಟಿದರೆ ಮಡಕೆ ಕಪ್ಪಾಗುವುದನ್ನು ನೀವೇ ನೋಡಿರುತ್ತೀರಿ, ಅಲ್ವಾ? ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದಾಗ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆಗಳು ಸಿಕ್ಕವು. ಗಾಳಿ ಕೊಡುವುದು, ತಡೆಯುವುದು ಇಲ್ಲಿನ ಕುಂಬಾರರಿಗೂ ಚೆನ್ನಾಗಿ ಗೊತ್ತಿತ್ತು.

ಇನ್ನು ಚಿತ್ರ. ಒರಗಿರುವವನು ಡಯೊನೈಸಸ್, ದ್ರಾಕ್ಷಾರಸದ ದೇವರು. ಅವನು ಯಾರೆಂದು ತಿಳಿಯದೆ ಕಡಲ್ಗಳ್ಳರು ಹೊತ್ತೊಯ್ದರಂತೆ. ಹಡಗಿನಲ್ಲಿ ದ್ರಾಕ್ಷಿ ಬಳ್ಳಿ ಹಬ್ಬಿತು. ಹೆದರಿ ನೀರಿಗೆ ಹಾರಿದವರು ಡಾಲ್ಫಿನ್‌ಗಳಾದರು. ನೀವು ಮೀನು ಅಂದದ್ದು ಅವರನ್ನೇ. ಏಳು ಡಾಲ್ಫಿನ್, ಏಳು ಗೊಂಚಲು. ಹಾಯಿ ಬಿಳಿ. ಸಮುದ್ರಕ್ಕೆ ಒಂದು ಅಲೆಯನ್ನೂ ಬರೆದಿಲ್ಲ, ಹಿನ್ನೆಲೆಯ ಹವಳಗೆಂಪೇ ಕಡಲು. ಇಲ್ಲಿ ತುಮಕೂರಿನಲ್ಲಿ ಮಕ್ಕಳಿಗೆ ಮಣ್ಣಿನ ಕೆಲಸ ಹೇಳಿಕೊಡುವಾಗ ಈ ಫೋಟೊ ತೋರಿಸುತ್ತೇನೆ. ಎಷ್ಟು ಬಿಡಬೇಕು ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ತಳದ ಚಿತ್ರ ಕುಡಿಯುವವನಿಗೇ. ಗ್ರೀಕರು ಮಂಚದ ಮೇಲೆ ಒರಗಿ, ನೀರು ಬೆರೆಸಿದ ದ್ರಾಕ್ಷಾರಸ ಕುಡಿಯುತ್ತಿದ್ದರು. ಬಟ್ಟಲು ಬರಿದಾದಷ್ಟೂ ಹಡಗು ಮೇಲೆ ಬರುತ್ತೆ. ಎದುರಿಗಿದ್ದವರಿಗೂ ಪಾಲು ಉಂಟು: ಹೊರಮೈಯಲ್ಲಿ ದೊಡ್ಡ ಕಣ್ಣುಗಳಿವೆ. ಬಟ್ಟಲು ಎತ್ತಿದರೆ ಮುಖ ಮುಚ್ಚಿ ಆ ಕಣ್ಣೇ ನೋಡುತ್ತೆ.

ನೀವು ಮಾಡಿ ನೋಡುವುದಾದರೆ ಚಿಕ್ಕ ತಟ್ಟೆಯಿಂದ ಶುರು ಮಾಡಿ. ಬಯಲಲ್ಲೇ ಮಡಕೆ ಸುಡುವ ಆವಿಗೆ ಸಾಲದು, ಕಂಡಿ ಮುಚ್ಚಲು ಬರುವ ಗೂಡು ಬೇಕು. ತಿಳಿಯನ್ನು ತೆಳ್ಳಗೆ ಬಳಿಯಿರಿ. ಕೊನೆಯಲ್ಲಿ ಬೆಂಕಿ ಜಾಸ್ತಿಯಾದರೆ ಕಪ್ಪೂ ಕೆಂಪಾಗಿಬಿಡುತ್ತೆ. ಏನಾಯಿತು ಅಂತ ಖಂಡಿತ ಬರೆಯಿರಿ, ಸುಟ್ಟ ಚೂರು ಸಿಕ್ಕರೆ ನಾನೂ ನೋಡಬೇಕು.