ಅಪ್ಪಾಜಿ ರಾತ್ರಿ ನಾಲ್ಕು ಸಲ ಏಳುತ್ತಾರೆ, ಸಾ ಪಾಲ್ಮೆಟೊ ಮಾತ್ರೆ ಕೊಡಬಹುದಾ?
ದಾವಣಗೆರೆಯಲ್ಲಿರುವ ನಿಮ್ಮ ಅಪ್ಪಾಜಿಗೆ 68 ವರ್ಷ, ಪ್ರಾಸ್ಟೇಟ್ ದಪ್ಪ ಆಗಿದೆ ಅಂದಿದ್ದೀರಿ. ಸಾ ಪಾಲ್ಮೆಟೊ ಅಂದರೆ ತಾಳೆ ಜಾತಿಯ ಒಂದು ಗಿಡದ ಹಣ್ಣಿನ ಸಾರ. ದಯವಿಟ್ಟು ಈ ಮಾತ್ರೆಗೆ ದುಡ್ಡು ಹಾಕಬೇಡಿ. ಇದನ್ನು ಸರಿಯಾಗಿಯೇ ಪರೀಕ್ಷೆ ಮಾಡಿದ್ದಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 225 ಗಂಡಸರಿದ್ದರು. ಕೆಲವರಿಗೆ ಇದು, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆ. ವರ್ಷ ಕಳೆದರೂ ವ್ಯತ್ಯಾಸ ಕಾಣಲಿಲ್ಲ. 2011ರ ಇನ್ನೊಂದರಲ್ಲಿ ಡೋಸ್ ಮೂರು ಪಟ್ಟು ಏರಿಸಿದರು. ಆಗಲೂ ಅಷ್ಟೇ.

ಗುಣ ಕಂಡಿರುವ ಔಷಧಿಗಳು ಬೇರೆ ಇವೆ. ಪ್ರಾಸ್ಟೇಟ್ ಗ್ರಂಥಿ ಮೂತ್ರನಾಳದ ಸುತ್ತ ಇರುತ್ತದೆ, ಅಲ್ವಾ? ದಪ್ಪ ಆದಾಗ ನಾಳ ಒತ್ತುತ್ತದೆ. ಟ್ಯಾಮ್ಸುಲೋಸಿನ್ ಅಲ್ಲಿನ ಸ್ನಾಯು ಸಡಿಲಿಸುತ್ತದೆ, ಕೆಲವೇ ದಿನಗಳಲ್ಲಿ ಹಗುರ ಅನ್ನಿಸಬಹುದು. ಫಿನಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತದೆ, ಅದಕ್ಕೆ ಆರು ತಿಂಗಳಾದರೂ ಬೇಕು. ಎರಡನ್ನೂ ಡಾಕ್ಟರೇ ಬರೆದುಕೊಡಬೇಕು. ಟ್ಯಾಮ್ಸುಲೋಸಿನ್ ತಗೊಂಡವರಿಗೆ ಎದ್ದ ತಕ್ಷಣ ತಲೆ ಸುತ್ತಬಹುದು. ಮಂಚದ ಅಂಚಲ್ಲಿ ಒಂದು ನಿಮಿಷ ಕೂತು ಏಳಲಿ, ಬಚ್ಚಲ ದಾರಿಯಲ್ಲಿ ಸಣ್ಣ ಲೈಟ್ ಇರಲಿ.

ನಮ್ಮ ತಂದೆ ಚಿತ್ರದುರ್ಗದ ಬಸ್ ಹತ್ತುವ ದಿನ ಬೆಳಗಿಂದ ನೀರೇ ಕುಡಿಯುತ್ತಿರಲಿಲ್ಲ. ನೋಡಿ ತುಂಬಾ ಸಂಕಟ ಆಗುತ್ತಿತ್ತು. ಹಾಗೆ ಮಾಡಲು ಬಿಡಬೇಡಿ. ಮಲಗುವ ಎರಡು ಗಂಟೆ ಮುಂಚೆ ಚಹಾ, ನೀರು ಕಡಿಮೆ ಮಾಡಿದರೆ ಸಾಕು. ಶುಗರ್ ಜಾಸ್ತಿ ಇದ್ದರೂ ರಾತ್ರಿ ಪದೇ ಪದೇ ಏಳಬೇಕಾಗುತ್ತದೆ, ಅದನ್ನೂ ಟೆಸ್ಟ್ ಮಾಡಿಸಿ. ಮೂತ್ರ ಪೂರ್ತಿ ಕಟ್ಟಿದರೆ ಅಥವಾ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.